ಗಂಟು ಕಟ್ಟೂದು ಬ್ಯಾರೆ, ನಕಲು ಇಡೂದು ಬ್ಯಾರೆ

ಈ ಸಲ ಅಡಿಗಿ ಇಲ್ಲ, ಹಬ್ಬದ ಸುದ್ದಿನೂ ಇಲ್ಲ. ಅಟ್ಟದ ಮ್ಯಾಲಿನ ಫ್ಲಾಪಿ ಡಬ್ಬಿ ಬಗ್ಗೆ ಬರೀತೀನಿ. ದೀಪಾವಳಿ ಸ್ವಚ್ಛ ಮಾಡೂದು ಶುರು ಆದಾಗಿಂದ ಮೂರು ಮಂದಿ ಫೋನ್ ಮಾಡಿ "ಇವನ್ನ ಒಗೀಲೇನ್ರಿ, ಇಡ್ಲೇನ್ರಿ?" ಅಂತ ಕೇಳ್ಯಾರ. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಹೇಳೂದಕ್ಕಿಂತ ಒಮ್ಮೆ ಬರದುಬಿಡೂದು ಚೊಲೊ ಅನಸ್ತು.

"ಪಿಯುಸಿ ಓದಿದಾಕಿಗೆ ಇದೆಲ್ಲಾ ಏನು ತಿಳೀತದ" ಅಂತ ನಗಬ್ಯಾಡ್ರಿ. ನಮ್ಮ ಮನ್ಯಾಗ 1992ರಾಗ ಮೈದುನ ಒಂದು 386 ಕಂಪ್ಯೂಟರ್ ತಂದಿದ್ದ. ನಲವತ್ತು ಎಂಬಿ ಹಾರ್ಡ್ ಡಿಸ್ಕು, ಕರಿ-ಬಿಳಿ ಪಡದೆ, ಡಾಸ್ 5. ಗಂಡಸರು ಕೆಲಸಕ್ಕ ಹೋದಮ್ಯಾಲೆ ಮಧ್ಯಾಹ್ನ ಅದರ ಮುಂದ ಕೂಡತಿದ್ದಾಕಿ ನಾನ. ಫ್ಲಾಪಿ ಹಾಕಿ ತಗದು, ಹಾಕಿ ತಗದು ಕೈ ಪಳಗ್ಯದ. ಆ ಅನುಭವದ ಮ್ಯಾಲೆ ಹೇಳಾಕತ್ತೀನಿ.

ನಮ್ಮ ಮನಿ ಗಂಡಸರು ಮದುವಿ-ಮುಂಜಿವಿಯೊಳಗ ಕೂಡಿದಾಗ ಆ ಹಳೇ ಮಶೀನಿನ ಸುದ್ದಿ ತಗೀತಾರ. ತಗದಾಗೊಮ್ಮೆ ಒಂದ ಹೆಮ್ಮಿ. "ಏನಪಾ, ಡಬಲ್‌ಸ್ಪೇಸ್ ಹಾಕಿ ನಲವತ್ತರ ಡಿಸ್ಕ್ ಎಂಬತ್ತು ಮಾಡಿದ್ವಿ!" ಜಾಗ ಉಳಿಸಿದ ಪ್ರೋಗ್ರಾಮಿಗೆ ಅಷ್ಟು ಹೊಗಳಿಕಿ. ಡಿಸ್ಕ್‌ಕಾಪಿ ಅಂತ ಒಂದು ಬಡ ಕಮಾಂಡು ಇತ್ತು, ಅದರ ಹೆಸರು ಯಾರೂ ಎತ್ತೂದಿಲ್ಲ. ನನ್ನ ಅಭಿಪ್ರಾಯ ಉಲ್ಟಾ ಅದ. ಮನಿತನದ ದೃಷ್ಟಿಲೆ ನೋಡಿದ್ರ ನಕಲು ಮಾಡೂ ಪ್ರೋಗ್ರಾಮಿನ ಉಪಕಾರನ ದೊಡ್ಡದು. ಯಾಕ ಅಂತ ಹೇಳ್ತೀನಿ.

ಮೊದಲ ಜಾಗದ ತ್ರಾಸು ಎಷ್ಟಿತ್ತು ಅನ್ನೂದು ತಿಳೀಬೇಕು. ಮೂರೂವರಿ ಇಂಚಿನ ಫ್ಲಾಪಿಗೆ ಎರಡು ಮಗ್ಗಲು, ಮಗ್ಗಲಿಗೆ 80 ಗೆರಿ, ಗೆರಿಗೆ 18 ತುಣುಕು, ತುಣುಕಿಗೆ 512 ಅಕ್ಷರ. ಗುಣಿಸಿ ನೋಡ್ರಿ, 14,74,560 ಅಕ್ಷರ ಆಗ್ತದ. ಇದನ್ನ 1.44 ಎಂಬಿ ಅಂತಿದ್ರು. ಇವತ್ತು ಮೊಮ್ಮಗನ ಒಂದು ಫೋಟೋ ಫೋನಿನಾಗ ತಗದ್ರ ಎಷ್ಟೋ ಸಲ ಅದು ಈ ಫ್ಲಾಪಿಯೊಳಗ ಹಿಡಿಯೂದಿಲ್ಲ. ನಮ್ಮ ಹಾರ್ಡ್ ಡಿಸ್ಕ್ ಅಂದ್ರ ಅಂಥಾ 28 ಫ್ಲಾಪಿ ಕೂಡಿಸಿದಷ್ಟು, ಅಷ್ಟ. ಅದರಾಗ ಡಾಸ್, ಮೈದುನನ ಲೆಕ್ಕದ ಪ್ರೋಗ್ರಾಮು, ಹುಡುಗರ ಆಟ, ಎಲ್ಲಾ ಹಿಡೀಬೇಕು. ಹತ್ತು ಫ್ಲಾಪಿ ಡಬ್ಬಿ ತರೂದಂದ್ರ ತಿಂಗಳ ಖರ್ಚಿನಾಗ ಹಿಂದ-ಮುಂದ ನೋಡಬೇಕಾಗ್ತಿತ್ತು. ಹಿಂಗಾಗಿ ಎಲ್ಲಾರೂ ಗಂಟು ಕಟ್ಟೂ ಪ್ರೋಗ್ರಾಮಿನ ಬೆನ್ನ ಹತ್ತಿದ್ದು ತಪ್ಪಲ್ಲ.

ಆ ಗಂಟು ಕಟ್ಟೂದು ಹೆಂಗ ಅಂದ್ರ, ನಮ್ಮ ಹಾಡಿನ ವಹಿ ನೆನಪ ಮಾಡ್ಕೋರಿ. ಪಲ್ಲವಿ ಒಮ್ಮೆ ಪೂರ್ತಿ ಬರೀತೀವಿ. ಮುಂದ ಪ್ರತಿ ನುಡಿ ಮುಗದ ಮ್ಯಾಲೆ ಎರಡು ಗೆರಿ ಎಳದು ನಡುವ ಬರೇ "ಪ" ಅಂತ ಬರದು ಬಿಡ್ತೀವಿ. ಹಾಡಾಕಿ ಅಲ್ಲಿಗೆ ಬಂದಾಗ ಮ್ಯಾಲೆ ಹೋಗಿ ಪಲ್ಲವಿ ಹಾಡಿ ಬರ್ತಾಳ. ಕಂಪ್ಯೂಟರೂ ಹಂಗ. ಹಿಂದ ಬಂದ ಮಾತು ಮತ್ತ ಬಂದ್ರ ಅದನ್ನ ಬರಿಯೂದ ಬಿಟ್ಟು "ಇಷ್ಟು ಅಕ್ಷರ ಹಿಂದ ಹೋಗು, ಇಷ್ಟು ಅಕ್ಷರ ತಗೋ" ಅಂತ ಗುರ್ತು ಹಾಕ್ತದ. ಲೆಂಪೆಲ್ ಮತ್ತ ಝಿವ್ ಅನ್ನೂ ಇಬ್ಬರು ಪಂಡಿತರು 1977ರಾಗ ಪ್ರಕಟ ಮಾಡಿದ ಯುಕ್ತಿ ಇದು.

ಇನ್ನೊಂದು ಯುಕ್ತಿ ಒಗ್ಗರಣಿ ಡಬ್ಬಿದು. ಸಾಸಿವಿ, ಜೀರಗಿ, ಅರಿಷಿಣ ದಿನಾ ಬೇಕು, ಅದಕ್ಕ ಕೈಗೆ ಹತ್ತೂ ಬಟ್ಟಲದಾಗ ಇಡ್ತೀವಿ. ಗಸಗಸಿ, ದಗಡಹೂ ಎಂದೋ ಒಮ್ಮೆ ಬೇಕು, ಅವು ಕಪಾಟಿನ ಹಿಂದ. ಹಂಗ, ಪದೇ ಪದೇ ಬರೂ ಅಕ್ಷರಕ್ಕ ಸಣ್ಣ ಗುರ್ತು, ಅಪರೂಪಕ್ಕ ಬರೂ ಅಕ್ಷರಕ್ಕ ಉದ್ದನ್ನ ಗುರ್ತು ಕೊಟ್ರ ಒಟ್ಟಿನ ಮ್ಯಾಲೆ ಜಾಗ ಉಳೀತದ. ಇದನ್ನ ಹುಡುಕಿದಂವ ಹಫ್‌ಮನ್ ಅಂತ, ಅಮೆರಿಕದ ಒಬ್ಬ ವಿದ್ಯಾರ್ಥಿ. ಪರೀಕ್ಷಾ ತಪ್ಪಿಸ್ಕೊಳ್ಳಾಕ ಅದರ ಬದಲಿ ಬರದ ಪ್ರಬಂಧದಾಗ ಈ ಯುಕ್ತಿ ಹುಟ್ತು. 1952ರಾಗ ಅಚ್ಚಾತು. ಫಿಲ್ ಕಾಟ್ಜ್ ಅನ್ನಾಂವ 1989ರಾಗ ತಂದ ಪಿಕೆಜಿಪ್, ಆಮ್ಯಾಲೆ ರಾಬರ್ಟ್ ಜಂಗ್ ಅವರ ಎ.ಆರ್.ಜೆ., ಇಂಥಾ ಯುಕ್ತಿಗಳನ್ನ ಕೂಡಿಸಿ ಮಾಡಿದ ಪ್ರೋಗ್ರಾಮು. ಎ.ಆರ್.ಜೆ. ಮೈದುನನ ಪ್ರೀತಿದು. ದೊಡ್ಡ ಗಂಟನ್ನ ಐದಾರು ಫ್ಲಾಪಿಗೆ ತಾನ ಪಾಲು ಮಾಡಿ ಹಾಕ್ತಿತ್ತು.

ಡಬಲ್‌ಸ್ಪೇಸ್ ಇನ್ನೊಂದು ಹೆಜ್ಜಿ ಮುಂದ. 1993ರಾಗ ಮೈಕ್ರೋಸಾಫ್ಟಿನವರು ಡಾಸ್ 6ರ ಸಂಗ್ತೀಲೆ ಕೊಟ್ಟದ್ದು. ಒಂದೊಂದು ಫೈಲು ಗಂಟು ಕಟ್ಟೂ ಕೆಲಸನ ಇಲ್ಲ, ಇಡೀ ಡಿಸ್ಕನ್ನ ಗಂಟು ಮಾಡಿಬಿಡ್ತದ. ನಾವು ಎಂದಿನ್ಹಂಗ ಫೈಲು ಇಡ್ತೀವಿ, ಅದು ಒಳಗಿಂದೊಳಗ ಕಟ್ಟತದ, ಬಿಚ್ಚತದ. ಇದಕ್ಕಿಂತ ಮೊದಲ ಸ್ಟಾಕ್ ಅನ್ನೂ ಸಣ್ಣ ಕಂಪನಿಯವರು ಸ್ಟಾಕರ್ ಅಂತ ಇಂಥಾದ್ದ ಒಂದು ಮಾರ್ತಿದ್ರು. ತಮ್ಮ ಪೇಟೆಂಟಿನ ಯುಕ್ತಿ ತಗೊಂಡಾರ ಅಂತ ಅವರು ದಾವಾ ಹೂಡಿದ್ರು. 1994ರಾಗ ಅಮೆರಿಕದ ಜ್ಯೂರಿ ಸ್ಟಾಕ್ ಕಂಪನಿಗೆ 12 ಕೋಟಿ ಡಾಲರ್ ಕೊಡಬೇಕು ಅಂತು. ಡಾಸ್ 6.21ರಾಗ ಡಬಲ್‌ಸ್ಪೇಸ್ ತಗದ್ರು, 6.22ರಾಗ ಡ್ರೈವ್‌ಸ್ಪೇಸ್ ಅಂತ ಬ್ಯಾರೆ ಮಾಡಿ ಕೊಟ್ರು. ಜಾಗಾದ ಸಲುವಾಗಿ ದೊಡ್ಡ ದೊಡ್ಡವರು ಕೋರ್ಟ್ ಹತ್ತಿದ ಕಾಲ ಅದು.

ಆದ್ರ ಡಬಲ್‌ಸ್ಪೇಸಿನ ಒಳಗುಟ್ಟು ಕೇಳ್ರಿ. ಹೊರಗ ಕಾಣೂ ಸಿ ಡ್ರೈವು ಖರೆ ಡ್ರೈವಲ್ಲ. ಎಲ್ಲಾ ಫೈಲೂ ಕೂಡಿ ಒಂದ ಒಂದು ದೊಡ್ಡ ಮುಚ್ಚಿಟ್ಟ ಫೈಲಿನಾಗ ಇರ್ತಾವ. ಆ ಒಂದು ಫೈಲು ಕೆಟ್ರ ಮನಿ ಸಾಮಾನೆಲ್ಲಾ ಒಂದ ಗಂಟಿನಾಗ ಹೋದ್ಹಂಗ. ಇನ್ನೊಂದು, "ಇಷ್ಟು ಜಾಗ ಉಳದದ" ಅಂತ ಅದು ತೋರಸೂದೂ ಅಂದಾಜು. ಒಂದಕ್ಕ ಎರಡು ಹಿಡೀತದ ಅಂತ ಲೆಕ್ಕ ಹಾಕಿ ತೋರಸ್ತದ. ಮೊದಲ ಗಂಟು ಕಟ್ಟಿದ ಫೈಲು ಹಾಕಿದ್ರ ಅದು ಮತ್ತ ಸಣ್ಣದಾಗೂದಿಲ್ಲ. ಒಮ್ಮೆ ಬೀಸಿದ ಹಿಟ್ಟು ಮತ್ತ ಬೀಸಿದ್ರ ಏನು ಕಡಿಮಿ ಆಗ್ತದ? ಅಂದಾಜಿನ ಮ್ಯಾಲೆ ನಂಬಿ ಕೂತವರಿಗೆ ಜಾಗ ನಡುವ ಮುಗೀತಿತ್ತು.

ಈಗ ಡಿಸ್ಕ್‌ಕಾಪಿ ಕಡೆ ಬರ್ರಿ. ಇದಕ್ಕ ಯಾವ ಜಾಣತನನೂ ಇಲ್ಲ. ಮೊದಲನೇ ಗೆರಿಯಿಂದ ಕಡೀ ಗೆರಿ ತನಕ ಇದ್ದದ್ದನ್ನ ಇದ್ದಂಗ ಇನ್ನೊಂದು ಫ್ಲಾಪಿಗೆ ಬರೀತದ. ಡಾಸ್ 5ರಾಗ ಒಂದ ಡ್ರೈವಿನ ಮಶೀನಿನಾಗ ಒಂದು ಫ್ಲಾಪಿ ನಕಲು ಮಾಡಾಕ ಮೂರು ಸರ್ತಿ ಹಾಕು, ಮೂರು ಸರ್ತಿ ತಗಿ. ಮಶೀನಿನ ನೆನಪಿನಾಗ ಒಮ್ಮೆಲೆ ಅಷ್ಟು ಹಿಡೀತಿರಲಿಲ್ಲ. ನಡುವ ಹಾಲು ಉಕ್ಕಿದ್ರ ಯಾವ ಫ್ಲಾಪಿ ಒಳಗದ, ಯಾವುದು ಹೊರಗದ ಅನ್ನೂದು ಮರತು ಹೋಗಬಾರದಂತ ಮೂಲ ಫ್ಲಾಪಿಗೆ ಅರಿಷಿಣ ಬಣ್ಣದ ಚೀಟಿ ಹಚ್ಚಿದ್ದೆ. ಡಾಸ್ 6.2 ಬಂದ ಮ್ಯಾಲೆ ಅದು ನಡುವ ಹಾರ್ಡ್ ಡಿಸ್ಕಿನಾಗ ಇಟ್ಕೊಂಡು ಒಂದ ಸರ್ತಿಗೆ ಮುಗಸಾಕ ಕಲೀತು. ನಕಲು ಆದಮ್ಯಾಲೆ ಡಿಸ್ಕ್‌ಕಾಂಪ್ ಅಂತ ಇನ್ನೊಂದು ಕಮಾಂಡ್ ಕೊಟ್ರ ಎರಡೂ ಫ್ಲಾಪಿ ತಾಳಿ ನೋಡಿ ಸರಿ ಅವನೋ ಇಲ್ಲೋ ಹೇಳ್ತಿತ್ತು.

ಇದ್ದದ್ದನ್ನ ಇದ್ದಂಗ ಅಂದ್ರ ರೋಗ ಇದ್ರ ರೋಗನೂ ನಕಲು ಆಗ್ತದ, ಅದೂ ತಿಳ್ಕೋರಿ. ಫ್ಲಾಪಿಯ ಮೊದಲನೇ ತುಣುಕಿನಾಗ ಅಡಗಿ ಕೂಡೂ ವೈರಸ್ ಆಗ ಭಾಳ ಇದ್ವು. 1986ರಾಗ ಲಾಹೋರದ ಅಣ್ಣ-ತಮ್ಮ ಮಾಡಿದ 'ಬ್ರೇನ್' ಅನ್ನೂದು ಅಂಥಾದ್ದ. ಹಿಂಗಾಗಿ ಹೊರಗಿನವರ ಫ್ಲಾಪಿ ಬಂದ್ರ ನಾನು ಡಿಸ್ಕ್‌ಕಾಪಿ ಮಾಡ್ತಿರಲಿಲ್ಲ, ಕಾಪಿ ಅಥವಾ ಎಕ್ಸ್‌ಕಾಪಿ ಕಮಾಂಡ್ ಕೊಟ್ಟು ಬರೇ ಬೇಕಾದ ಫೈಲು ಆರಿಸಿ ತಗೋತಿದ್ದೆ. ಪ್ಯಾಟಿಯಿಂದ ತಂದ ಕೊತ್ತಂಬರಿ ಬೇರು ಕತ್ತರಿಸಿ ಒಳಗ ತರ್ತೀವಲ್ಲ, ಹಂಗ.

ಇಷ್ಟೆಲ್ಲಾ ಯಾಕ ಹೇಳಿದೆ ಅಂದ್ರ, ನಮ್ಮ ಅತ್ತಿಯವರ ಹಾಡಿನ ಸಲುವಾಗಿ. ನಿಮ್ಮೊಳಗ ಭಾಳ ಮಂದಿ ಅವರ ಹಾಡು ಕೇಳೀರಿ. ಆರತಿ ಹಾಡು, ಉರುಟಣಿ ಹಾಡು, ಗೌರಿ ಹಾಡು, ತೊಟ್ಟಿಲ ಹಾಡು, ಬೀಗರನ್ನ ಚ್ಯಾಷ್ಟಿ ಮಾಡೂ ಹಾಡು. ಒಂದೂ ಬರದಿಟ್ಟಿರಲಿಲ್ಲ, ಎಲ್ಲಾ ಬಾಯಾಗ. 1994, 95ರ ಮಳಿಗಾಲದಾಗ ದಿನಾ ಮಧ್ಯಾಹ್ನ ಅವರು ಬತ್ತಿ ಹೊಸೀತ ಹಾಡೂದು, ನಾನು ಟೈಪ್ ಮಾಡೂದು. ನಮ್ಮ ಮಶೀನಿನಾಗ ಕನ್ನಡ ಇರಲಿಲ್ಲ, ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದೆ. ನೂರಾ ನಲವತ್ತು ಹಾಡಾದ್ವು. ಒಂದೊಂದು ಹಾಡಿಗೆ ಒಂದೊಂದು ಫೈಲು.

ಮೈದುನ ನೋಡಿ, "ವೈನಿ, ಇಷ್ಟ್ಯಾಕ ಹರವೀರಿ? ಎಲ್ಲಾ ಕೂಡಿಸಿ ಒಂದ ಫೈಲು ಮಾಡಿ ಎ.ಆರ್.ಜೆ. ಹಚ್ಚಿದ್ರ ಮೂರರಾಗ ಒಂದು ಪಾಲಿಗೆ ಬರ್ತದ" ಅಂದ. ಮಾಡಿ ತೋರಿಸ್ದ ಕೂಡ. ಹಾಡಂದ್ರ ಪಲ್ಲವಿ ಮ್ಯಾಲೆ ಪಲ್ಲವಿ, ಗಂಟು ಭಾಳ ಸಣ್ಣದಾತು. ಅದನ್ನ ಒಂದು ಫ್ಲಾಪಿಯೊಳಗ ಇಟ್ಟ. ಹಾರ್ಡ್ ಡಿಸ್ಕಿಗೆ ಹೆಂಗೂ ಡಬಲ್‌ಸ್ಪೇಸ್ ಹಾಕಿದ್ದ. ನಾನು ಅಂವಗ ಬ್ಯಾಡ ಅನ್ನಲಿಲ್ಲ. ಆದ್ರ ಬಿಡಿ ಬಿಡಿ ಫೈಲು ಹಂಗ ಇದ್ದ ಫ್ಲಾಪಿ ತಗೊಂಡು ಡಿಸ್ಕ್‌ಕಾಪಿ ಮಾಡಿ ಒಂದು ನಮ್ಮ ಕಪಾಟಿನಾಗ ಇಟ್ಟೆ, ಒಂದು ಗದಗಿನಾಗಿರೂ ನಾದಿನಿ ಮನಿಗೆ ಕಳಿಸ್ದೆ. "ಒಂದ ಮನ್ಯಾಗ ಎಲ್ಲಾ ಇಡಬಾರದು" ಅಂತ ನಮ್ಮ ಅವ್ವ ಬಂಗಾರದ ಬಗ್ಗೆ ಹೇಳ್ತಿದ್ಲು. ನನಗ ಅದು ಹಾಡಿಗೂ ಹೊಂದತದ ಅನಸ್ತು.

1998ರ ಮಳಿಗಾಲ. ಮಶೀನು ನಡದಾಗ ಕರೆಂಟು ಹೋತು, ಬಂತು, ಮತ್ತ ಹೋತು. ಅಷ್ಟರಾಗ ಆ ದೊಡ್ಡ ಮುಚ್ಚಿಟ್ಟ ಫೈಲು ಕೆಟ್ಟು ಡಿಸ್ಕಿನಾಗಿದ್ದದ್ದೆಲ್ಲಾ ಹೋತು. ಮೈದುನನ ಎ.ಆರ್.ಜೆ. ಫ್ಲಾಪಿ ತಗದ್ವಿ. ಶುರುವಿನ ಹದಿನೈದಿಪ್ಪತ್ತು ಹಾಡು ಬಿಚ್ಚಿತು, ಅಲ್ಲೆ ಸಿಆರ್‌ಸಿ ಎರರ್ ಅಂತ ನಿಂತಿತು. ಮುಂದಿಂದು ಬರೇ ಕಸ. ಕಪಾಟಿನಾಗಿದ್ದ ಬಿಡಿ ಫೈಲಿನ ಫ್ಲಾಪಿಗೆ ನಮ್ಮ ಧಾರವಾಡದ ಮಳಿಗೆ ಬೂಷ್ಟು ಹಿಡದಿತ್ತು. ಉಳದದ್ದು ಗದಗಿನ ಫ್ಲಾಪಿ. ಅದರಾಗ ಎರಡು ಹಾಡಿನ ಫೈಲು ಕೆಟ್ಟಿದ್ವು. ಬಾಕಿ ನೂರಾ ಮೂವತ್ತೆಂಟು ಬಂದ್ವು.

ಆ ಹೊತ್ತಿಗೆ ಅತ್ತಿಯವರಿಗೆ ಮರವು ಶುರು ಆಗಿತ್ತು. ಕೆಟ್ಟ ಎರಡರಾಗ ಒಂದನ್ನ ನಾದಿನಿ ನೆನಪ ಮಾಡಿ ಹಾಡಿದ್ಲು. ಇನ್ನೊಂದು, ಬಾಣಂತಿಗೆ ಎಣ್ಣಿ ಹಚ್ಚೂವಾಗ ಹಾಡೂ ಹಾಡು. ಅದರ ಅರ್ಧ ಅಷ್ಟ ಫೈಲಿನಾಗ ಉಳದಿತ್ತು. ಉಳದರ್ಧ ಅತ್ತಿಯವರಿಗೆ ಬರಲಿಲ್ಲ. ಕೂತು ಶುರು ಮಾಡ್ತಿದ್ರು, ಅಲ್ಲಿಗೆ ಬಂದು ನಿಲ್ತಿದ್ರು, ನನ್ನ ಮುಖ ನೋಡ್ತಿದ್ರು. 2001ರಾಗ ಅವರು ಹೋದ್ರು. ಆ ಅರ್ಧ ಹಾಡು ಇವತ್ತಿಗೂ ಎಲ್ಲೂ ಸಿಕ್ಕಿಲ್ಲ. ನಿಮ್ಮೊಳಗ ಯಾರಿಗರೆ ಗೊತ್ತಿದ್ರ ಫೋನ್ ಮಾಡ್ರಿ, ಹೊತ್ತು-ಗೊತ್ತು ನೋಡಬ್ಯಾಡ್ರಿ.

ಗಂಟಿನ ಫ್ಲಾಪಿಗೆ ಅಷ್ಟ್ಯಾಕ ಪೆಟ್ಟು ಬಿತ್ತು, ಬಿಡಿ ಫ್ಲಾಪಿಗೆ ಯಾಕ ಕಡಿಮಿ? ಎರಡಕ್ಕೂ ನಾಕಾರು ತುಣುಕ ಕೆಟ್ಟಿರಬೇಕು. ಬಿಡಿ ಫೈಲಿನಾಗ 512 ಅಕ್ಷರದ ಒಂದು ತುಣುಕು ಹೋದ್ರ ಹತ್ತು-ಹನ್ನೆರಡು ಸಾಲು ಹೋಗ್ತಾವ, ಮ್ಯಾಲಿಂದು ಕೆಳಗಿಂದು ಉಳೀತದ. ಗಂಟಿನಾಗ ಹಂಗಲ್ಲ. ಎಲ್ಲಾ ಸಾಲೂ ಹಿಂದಿನ ಸಾಲಿನ ಕಡೆ ಬೊಟ್ಟು ಮಾಡಿ ನಿಂತಿರ್ತಾವ. ಪಲ್ಲವಿ ಇದ್ದ ಹಾಳಿ ಹರದು ಹೋದ್ರ ಕೆಳಗ ಹತ್ತು ಕಡೆ ಬರದ "ಪ"ಕ್ಕ ಏನರ್ಥ ಉಳೀತು? ತಪ್ಪು ಮೈದುನಂದಲ್ಲ, ಆ ಪ್ರೋಗ್ರಾಮಿಂದೂ ಅಲ್ಲ. ಅದರ ಕೆಲಸ ಜಾಗ ಉಳಸೂದು, ಅದನ್ನ ನೆಟ್ಟಗ ಮಾಡ್ತು. ಕಾಯೂ ಕೆಲಸ ಅದಕ್ಕ ಯಾರೂ ಹಚ್ಚಿರಲಿಲ್ಲ. ಜಾಗ ಉಳಿಸಿದ್ದನ್ನ ಕಾಯ್ದಿಟ್ಹಂಗ ಅಂತ ತಿಳಕೊಳ್ಳೂದ ಗೋತಾ.

ಮೈದುನ ಈಗಲೂ ವಾದ ಮಾಡ್ತಾನ, "ವೈನಿ, ಗಂಟು ಕಟ್ಟದಿದ್ರ ಆ ಮಶೀನಿನಾಗ ಏನೂ ಹಿಡೀತಿರಲಿಲ್ಲ" ಅಂತ. ಖರೆ ಅದ, ಒಪ್ಪತೀನಿ. ಹಿಂಗಾಗಿ ನಾನು ಹೇಳೂ ನಿಯಮ ಇಷ್ಟ: ಮತ್ತ ಸಿಗೂವಂಥಾದ್ದನ್ನ ಬೇಕಾದಷ್ಟು ಗಂಟು ಕಟ್ಟ್ರಿ. ಆಟ, ಲೆಕ್ಕದ ಪ್ರೋಗ್ರಾಮು, ಅವುಗಳ ಮೂಲ ಫ್ಲಾಪಿ ಡಬ್ಬಿಯೊಳಗ ಇರ್ತಾವ, ಕೆಟ್ರ ಮತ್ತ ಹಾಕಬಹುದು. ಮತ್ತ ಸಿಗಲಾರದ್ದು ಇರ್ತದಲ್ಲ, ಹಾಡು, ಪತ್ರ, ಮಾವನವರ ಹೊಲದ ಲೆಕ್ಕ, ಹಿರಿಯರ ವಂಶಾವಳಿ, ಅದನ್ನ ಬಿಚ್ಚಿಟ್ಟ ಇಡ್ರಿ, ಎರಡು ಮನ್ಯಾಗ ಇಡ್ರಿ. ಗಂಟು ಕಟ್ಟಲಾಕಬೇಕು ಅಂದ್ರ ಗಂಟಿನ ನಕಲೂ ಎರಡು ಇರಲಿ.

ಫೋನಿನ ಕಾಲದಾಗೂ ಇದ ಮಾತು. ಎ.ಆರ್.ಜೆ. ಗಂಟು ಕೆಡದಿದ್ರ ಒಂದು ಅಕ್ಷರ ಆಚೀಚಿ ಆಗಲಾರದ ಬಿಚ್ಚತಿತ್ತು, ಮಡಚಿಟ್ಟ ಇಲಕಲ್ ಸೀರಿ ಬಿಚ್ಚಿದ್ಹಂಗ. ಈಗ ವಾಟ್ಸಾಪಿನಾಗ ಕಳಿಸಿದ ಫೋಟೋ ಸಣ್ಣದಾಗಿ ಹೋಗ್ತದಲ್ಲ, ಅದರಾಗ ಒಂದಿಷ್ಟು ವಿವರ ಕಳದ ಹೋಗಿರ್ತದ, ತಿರುಗಿ ಬರೂದಿಲ್ಲ. "ಗ್ರೂಪಿನಾಗ ಹಾಕೀನಲ್ಲ" ಅಂತ ಮೂಲ ಫೋಟೋ ಅಳಸಬ್ಯಾಡ್ರಿ.

ಇನ್ನ ಅಟ್ಟದ ಡಬ್ಬಿ ಸುದ್ದಿ. ಒಗೀಬ್ಯಾಡ್ರಿ. ಮೂರೂವರಿ ಇಂಚಿನ ಗಟ್ಟಿ ಫ್ಲಾಪಿ ಇದ್ರ ಯುಎಸ್‌ಬಿಗೆ ಹಚ್ಚೂ ಡ್ರೈವ್ ಸಿಗ್ತದ, ಇವತ್ತಿನ ಕಂಪ್ಯೂಟರಿನಾಗೂ ಓದಬಹುದು. ಐದೂಕಾಲು ಇಂಚಿನ ಮೆತ್ತನ್ನ ಫ್ಲಾಪಿಗೆ ಹಳೇ ಡ್ರೈವ ಬೇಕು, ಆದ್ರೂ ಅವನ್ನ ಬ್ಯಾರೆ ಕಟ್ಟಿಡ್ರಿ. ಹಾಕೂಕಿಂತ ಮೊದಲ ತಗಡಿನ ಬಾಗಲಾ ಸರಿಸಿ ಒಳಗಿನ ತಟ್ಟಿ ನೋಡ್ರಿ. ಬಿಳಿ ಚುಕ್ಕಿ, ಬೂಷ್ಟು ಕಂಡ್ರ ಹಾಕಬ್ಯಾಡ್ರಿ, ಡ್ರೈವೂ ಕೆಡ್ತದ, ಮುಂದ ಹಾಕೂ ಫ್ಲಾಪಿನೂ ಕೆಡ್ತಾವ. ಮೂಲಿಯೊಳಗಿನ ಸಣ್ಣ ಗುಂಡಿ ಸರಿಸಿ ಕಿಂಡಿ ತಗದಿಡ್ರಿ, ಆಗ ಓದಾಕ ಬರ್ತದ, ಅಪ್ಪಿತಪ್ಪಿ ಬರಿಯಾಕ ಬರೂದಿಲ್ಲ. ಫ್ರಿಜ್ಜಿಗೆ ಹಚ್ಚೂ ಅಯಸ್ಕಾಂತ, ಸ್ಪೀಕರು ಹತ್ರ ಇಡಬ್ಯಾಡ್ರಿ.

ಎಲ್ಲಾಕ್ಕಿಂತ ಮುಖ್ಯ: ಹಾಕಿದ ಕೂಡಲೆ ಕಂಪ್ಯೂಟರ್ "ಫಾರ್ಮ್ಯಾಟ್ ಮಾಡಲೇನು?" ಅಂತ ಕೇಳಿದ್ರ ಬ್ಯಾಡ ಅನ್ರಿ. ಹೂಂ ಅಂದ್ರ ಇದ್ದದ್ದೂ ಹೋಗ್ತದ. ಮೊದಲ ಇಡೀ ಫ್ಲಾಪಿದು ಒಂದು ನಕಲು ತಗೀರಿ, ಆಮ್ಯಾಲೆ ಆ ನಕಲಿನಾಗ ಏನದ ಅಂತ ಹುಡುಕ್ರಿ. ಜಿಪ್ ಅಥವಾ ಎ.ಆರ್.ಜೆ. ಫೈಲು ಸಿಕ್ರ 7-ಜಿಪ್ ಅಂತ ಪುಕ್ಕಟ ಪ್ರೋಗ್ರಾಮು ಎರಡನ್ನೂ ಬಿಚ್ಚತದ. ಡಬಲ್‌ಸ್ಪೇಸ್ ಹಾಕಿದ ಫ್ಲಾಪಿ ಇದ್ರ ಡಾಸ್ 6 ಇಲ್ಲಾ ವಿಂಡೋಸ್ 95, 98 ಇರೂ ಹಳೇ ಮಶೀನು ಬೇಕಾಗ್ತದ. ಅಂಥಾದ್ದೊಂದು ಮೈದುನನ ಕಡೆ ಇನ್ನೂ ನಡೀತದ.

ಯಾರ ಡಬ್ಬಿಯೊಳಗ ಏನದ ಅಂತ ಹೊರಗಿಂದ ತಿಳಿಯೂದಿಲ್ಲ. ಚೀಟಿ ಅಳಿಸಿ ಹೋಗಿರ್ತದ, "ಗೇಮ್" ಅಂತ ಬರದ ಫ್ಲಾಪಿಯೊಳಗ ಅಪ್ಪನ ಪತ್ರ ಇರ್ತಾವ. ಹಿಂಗಾಗಿ ಗಂಡಸರು ನೋಡ್ತಾರ ಅಂತ ಕಾಯಬ್ಯಾಡ್ರಿ. ಈ ಹಬ್ಬದ ಸ್ವಚ್ಛದಾಗ ಸಿಕ್ಕ ಡಬ್ಬಿ ತಗೊಂಡು ನಮ್ಮನಿಗೆ ಬರ್ರಿ, ನನ್ನ ಹತ್ರ ಯುಎಸ್‌ಬಿ ಡ್ರೈವ್ ಅದ. ಮಧ್ಯಾಹ್ನ ಮೂರರ ಮ್ಯಾಲೆ ನಾನು ಖಾಲಿ ಇರ್ತೀನಿ. ಬರೂವಾಗ ಪೆನ್‌ಡ್ರೈವ್ ತರ್ರಿ, ಒಂದಲ್ಲ, ಎರಡು. ಒಂದು ನಿಮ್ಮನ್ಯಾಗ ಇರಲಿ, ಇನ್ನೊಂದು ನಿಮ್ಮ ತಂಗಿ ಮನಿಗೆ ಹೋಗಲಿ.